ಸಕ್ಕರೆ ಕಾಯಿಲೆ ಬಂದವರ ತಟ್ಟೆ: ಹೊಸಬರಿಗೊಂದು ಪರಿಚಯ

ರಕ್ತಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚಿದೆ ಎಂದು ಗೊತ್ತಾದ ದಿನವೇ ನಮ್ಮ ಮನೆಗಳಲ್ಲಿ ಕಾಫಿಗೆ ಸಕ್ಕರೆ ಹಾಕುವುದು ನಿಲ್ಲುತ್ತದೆ. ವಾರದೊಳಗೆ ಅನ್ನದ ಜಾಗಕ್ಕೆ ಮುದ್ದೆಯೋ ಚಪಾತಿಯೋ ಬರುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯವರು ಹಾಗಲಕಾಯಿ ರಸದ ಮಹಿಮೆ ಹೇಳಿಹೋಗಿರುತ್ತಾರೆ. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದರೆ ಎಷ್ಟೋ ಜನರ ಅಂಕಿ ಅಲ್ಲೇ ನಿಂತಿರುತ್ತದೆ. ಇಷ್ಟೆಲ್ಲ ಪಥ್ಯ ಮಾಡಿದರೂ ಇಳಿಯಲಿಲ್ಲವಲ್ಲ ಎಂಬ ಬೇಸರಕ್ಕೆ ಪಥ್ಯವೂ ಹೋಗುತ್ತದೆ, ಕೆಲವರದು ಮಾತ್ರೆಯೂ ಹೋಗುತ್ತದೆ. ಅವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ಲೆಕ್ಕ ತಪ್ಪಿತ್ತು. ಆ ಲೆಕ್ಕವನ್ನು ಮೊದಲಿಂದ ನಿಧಾನವಾಗಿ ನೋಡೋಣ.

ಇಲ್ಲಿ ಹೇಳುವುದೆಲ್ಲ ಟೈಪ್ 2 ಮಧುಮೇಹದ ವಿಚಾರ. ನಮ್ಮಲ್ಲಿ ಬಹುಪಾಲು ಜನರಿಗೆ ಇರುವುದು ಇದೇ. ಹೆಚ್ಚಾಗಿ ಮಕ್ಕಳಲ್ಲಿ, ಎಳೆಯರಲ್ಲಿ ಕಾಣಿಸುವ ಟೈಪ್ 1 ಬೇರೆ ಬಗೆ. ಅದರಲ್ಲಿ ದೇಹ ಇನ್ಸುಲಿನ್ ತಯಾರಿಸುವುದೇ ಬಹುತೇಕ ನಿಂತುಹೋಗಿರುತ್ತದೆ. ಆ ಮಕ್ಕಳಿಗೆ ಯಾರ ಮಾತು ಕೇಳಿಯೂ ಇನ್ಸುಲಿನ್ ನಿಲ್ಲಿಸಬಾರದು, ಪ್ರಾಣಕ್ಕೇ ಅಪಾಯ.

ಮೊದಲು ವರದಿ ಓದುವುದನ್ನು ಕಲಿಯೋಣ. ರಾತ್ರಿ ಊಟವಾದ ಮೇಲೆ ಎಂಟು ಗಂಟೆ ಏನೂ ತಿನ್ನದೆ ಬೆಳಿಗ್ಗೆ ಕೊಟ್ಟ ರಕ್ತದಲ್ಲಿ, 100 ಮಿಲಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ ಗ್ಲೂಕೋಸ್ ಇದ್ದರೆ ಅದು ಸಹಜ. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ನಡುವಿನದು ಅಂಚಿನ ಸ್ಥಿತಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಪರೀಕ್ಷೆಯಲ್ಲಿ 140ರೊಳಗೆ ಇದ್ದರೆ ಸಹಜ, 200 ಮುಟ್ಟಿದರೆ ಕಾಯಿಲೆ. ಮೂರನೆಯದು ಎಚ್‌ಬಿಎ1ಸಿ. ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ಅವಕ್ಕೆ ಗ್ಲೂಕೋಸ್ ಅಂಟುತ್ತಲೇ ಇರುತ್ತದೆ. ಎಷ್ಟು ಅಂಟಿದೆ ಎಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಶೇ. 5.7ಕ್ಕಿಂತ ಕಡಿಮೆ ಸಹಜ, 6.5 ಆದರೆ ಮಧುಮೇಹ. ಪರೀಕ್ಷೆಗೆ ಎರಡು ದಿನ ಮುಂಚೆ ಪಥ್ಯ ಮಾಡಿ ಡಾಕ್ಟರನ್ನು ಮೆಚ್ಚಿಸುವ ನಮ್ಮ ಹಳೆಯ ಉಪಾಯ ಈ ಮೂರನೆಯ ಪರೀಕ್ಷೆಯ ಮುಂದೆ ನಡೆಯುವುದಿಲ್ಲ.

ಈಗ ಒಳಗೆ ಏನಾಗುತ್ತಿದೆ ನೋಡಿ. ಅನ್ನ, ರಾಗಿ, ಗೋಧಿ, ಜೋಳ, ಆಲೂಗಡ್ಡೆ, ಬೆಲ್ಲ, ಹಣ್ಣು ಇವುಗಳಲ್ಲಿರುವ ಪಿಷ್ಟವೂ ಸಕ್ಕರೆಯೂ ಹೊಟ್ಟೆಯಲ್ಲಿ ಕರಗಿ ಮುಖ್ಯವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸಿ ಆ ಗ್ಲೂಕೋಸನ್ನು ಸ್ನಾಯುಗಳಿಗೂ ಬೇರೆ ಜೀವಕೋಶಗಳಿಗೂ ದಾಟಿಸುತ್ತದೆ. ಟೈಪ್ 2ರಲ್ಲಿ ಎರಡು ತೊಂದರೆ ಒಟ್ಟಿಗೆ ಬರುತ್ತವೆ: ಜೀವಕೋಶಗಳು ಇನ್ಸುಲಿನ್ ಮಾತು ಕೇಳುವುದಿಲ್ಲ, ಗ್ರಂಥಿಯೂ ದಣಿದು ಸಾಕಷ್ಟು ಇನ್ಸುಲಿನ್ ಕೊಡುವುದಿಲ್ಲ. ಇದರ ಜೊತೆಗೆ ಯಕೃತ್ತು ಕೂಡ ರಾತ್ರಿಯೆಲ್ಲ ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ರಾತ್ರಿ ಊಟ ಬಿಟ್ಟೆ, ಆದರೂ ಬೆಳಿಗ್ಗೆ 150 ತೋರಿಸಿತು ಎಂದು ಗೋಳಾಡುವವರಿಗೆ ಉತ್ತರ ಇದೇ. ಊಟ ಬಿಡುವುದು ಪರಿಹಾರವಲ್ಲ.

ನಾನು ದಪ್ಪಗಿಲ್ಲ, ನನಗೆ ಹೇಗೆ ಬಂತು ಎಂದು ಕೇಳುವವರೂ ಬಹಳ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿಕೊಂಡು ಇದಕ್ಕೆ ಉತ್ತರ ಕೊಟ್ಟರು. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರಿಗೂ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಕೈಕಾಲು ಸಣ್ಣಗಿದ್ದು ಹೊಟ್ಟೆಯ ಒಳಗೆ ಕೊಬ್ಬು ಕೂರುವುದು ನಮ್ಮ ಜನರ ಮೈಕಟ್ಟು. ಆದ್ದರಿಂದ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ನಿಜ ಹೇಳುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಇನ್ನು ತಟ್ಟೆಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ. ದಿನಕ್ಕೆ ಎರಡು ಲೋಟ ಕಾಫಿಗೆ ಒಂದೊಂದು ಚಮಚ ಹಾಕುತ್ತಿದ್ದವರು ಅದನ್ನು ಬಿಟ್ಟರೆ 10 ಗ್ರಾಂ ಉಳಿಯಿತು. ಒಳ್ಳೆಯದೇ. ಆದರೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ, 100 ಗ್ರಾಂ ರಾಗಿಯಲ್ಲಿ ಸುಮಾರು 67, ಜೋಳದಲ್ಲಿ 68. ರಾಗಿ, ಜೋಳದಲ್ಲಿ ನಾರು ಪಾಲಿಷ್ ಅಕ್ಕಿಯ ಮೂರು ನಾಲ್ಕು ಪಟ್ಟು ಹೆಚ್ಚು, ರಾಗಿಯಲ್ಲಿ ಸುಣ್ಣದ ಅಂಶವಂತೂ ಬೇರೆ ಯಾವ ಧಾನ್ಯದಲ್ಲೂ ಇಷ್ಟಿಲ್ಲ. ಇದು ಅದರ ನಿಜವಾದ ಗುಣ. ಆದರೆ 80 ಗ್ರಾಂ ಹಿಟ್ಟಿನ ಮುದ್ದೆ ನುಂಗಿದರೆ ಐವತ್ತು ಗ್ರಾಂಗೂ ಮೀರಿ ಪಿಷ್ಟ ಒಳಗೆ ಹೋಯಿತು. ಅಂಥ ಎರಡು ಮುದ್ದೆ ತಿಂದು ಅನ್ನ ಬಿಟ್ಟಿದ್ದೇನೆ ಎಂದರೆ ರಕ್ತಕ್ಕೆ ಆ ಮಾತು ಅರ್ಥವಾಗುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ ಈ ಲೆಕ್ಕವನ್ನು ದೇಶದ ಮಟ್ಟದಲ್ಲಿ ಮಾಡಿದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳು, 13 ಕೋಟಿಗೂ ಹೆಚ್ಚು ಅಂಚಿನಲ್ಲಿರುವವರು ಇದ್ದಾರೆ ಎಂದು 2023ರಲ್ಲಿ ಹೇಳಿದ್ದು ಈ ಸಮೀಕ್ಷೆಯೇ. 2025ರಲ್ಲಿ ಪ್ರಕಟವಾದ ಅದರ ಆಹಾರದ ಅಧ್ಯಯನದ ಪ್ರಕಾರ ನಮ್ಮ ದಿನದ ಕ್ಯಾಲೊರಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಒಟ್ಟು ಪ್ರಮಾಣ ಇಳಿಸದೆ ಅಕ್ಕಿಯ ಬದಲು ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಿಂದ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆಯಾಗುವುದು ಕಂಡುಬಂದಿಲ್ಲ. ಕಾರ್ಬೋಹೈಡ್ರೇಟಿನ ಒಂದು ಪಾಲು ಬಿಟ್ಟು ಆ ಜಾಗಕ್ಕೆ ಕಾಳು, ಬೇಳೆ, ಹಾಲು ಮೊಸರಿನ ಪ್ರೋಟೀನ್ ತಂದುಕೊಂಡರೆ ಅಪಾಯ ಕಡಿಮೆ. ಸಿರಿಧಾನ್ಯದ ಅಂಗಡಿಗಳ ಬೋರ್ಡುಗಳಲ್ಲಿ ಈ ಮಾತು ಕಾಣಸಿಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಸೊಪ್ಪು, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ, ಮೀನು, ಕೋಳಿ, ಪನೀರ್ ಇವುಗಳಲ್ಲೊಂದು, ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ರೊಟ್ಟಿಯೋ. ಇದನ್ನು ಎಲ್ಲ ಡಾಕ್ಟರೂ ಹೇಳುತ್ತಾರೆ. ಮನೆಗೆ ಬಂದ ಮೇಲೆ ತಟ್ಟೆ ಹಾಗೆ ಕಾಣುವುದಿಲ್ಲ, ಯಾಕೆಂದರೆ ನಮ್ಮ ಊಟ ಒಂದೇ ಸಲ ಬಡಿಸುವಂಥದ್ದಲ್ಲ. ಹಳೇ ಮೈಸೂರಿನ ಕಡೆ ಮುದ್ದೆ ಆದ ಮೇಲೆ ಅನ್ನ, ಅನ್ನದ ಮೇಲೆ ಮಜ್ಜಿಗೆ ಅನ್ನ. ಇನ್ನು ಕೆಲವು ಮನೆಗಳಲ್ಲಿ ಸಾರನ್ನ, ಹುಳಿಯನ್ನ, ಮೊಸರನ್ನ ಎಂದು ಮೂರು ಸುತ್ತು. ಪಲ್ಯ ಮಾತ್ರ ಎಲೆಯ ತುದಿಯಲ್ಲಿ ಒಂದು ಚಮಚ. ಆದ್ದರಿಂದ ಹೊಸಬರಿಗೆ ನನ್ನ ಮೊದಲ ಸಲಹೆ ಸುಲಭದ್ದು: ಊಟಕ್ಕೆ ಒಂದೇ ಸುತ್ತು. ಮುದ್ದೆಯಾದರೆ ಒಂದು ಚಿಕ್ಕ ಮುದ್ದೆ, ಆಮೇಲೆ ಅನ್ನವಿಲ್ಲ. ಮಜ್ಜಿಗೆಯನ್ನು ಲೋಟದಲ್ಲಿ ಕುಡಿಯಿರಿ.

ಹಾಗೆ ನೋಡಿದರೆ ನಮ್ಮ ಅಡುಗೆಯಲ್ಲೇ ಔಷಧದಂಥ ಪದಾರ್ಥಗಳು ಬೇಕಾದಷ್ಟಿವೆ, ಪ್ರಮಾಣ ಮಾತ್ರ ತಲೆಕೆಳಗಾಗಿದೆ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು, ಕಾಳನ್ನು ಒಗ್ಗರಣೆ ಹಾಕಿ ಪಲ್ಯ ಮಾಡುತ್ತೀರಲ್ಲ, ಅದನ್ನು ಒಂದು ಬಟ್ಟಲು ತುಂಬ ಹಾಕಿಕೊಳ್ಳಿ, ಮುದ್ದೆ ಅದರ ಜೊತೆಗಿರಲಿ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಊಟ ಈ ವಿಷಯದಲ್ಲಿ ಮುಂದಿದೆ. ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ, ಶೇಂಗಾ ಚಟ್ನಿ, ಮೊಸರು ಎಲ್ಲವೂ ರೊಟ್ಟಿಯ ಸುತ್ತ ಇರುತ್ತವೆ. ಅಲ್ಲಿ ರೊಟ್ಟಿಯ ಎಣಿಕೆ ಇಳಿಸಿ, ಕೊನೆಯ ಅನ್ನ ಬಿಟ್ಟರೆ ಆಯಿತು. ಕರಾವಳಿಯವರು ಕುಚ್ಚಲಕ್ಕಿ ಎಂದ ಮಾತ್ರಕ್ಕೆ ಧೈರ್ಯ ತಂದುಕೊಳ್ಳಬಾರದು. ಅದು ಬೆಳ್ತಿಗೆ ಅಕ್ಕಿಗಿಂತ ಸ್ವಲ್ಪ ನಿಧಾನವಾಗಿ ಕರಗುವುದು ಹೌದು, ಆದರೆ ಅದೂ ಅಕ್ಕಿಯೇ. ಬಂಗುಡೆಯೋ ಬೂತಾಯಿಯೋ ಜೊತೆಗಿದ್ದರೆ ಪ್ರೋಟೀನಿನ ಪಾಲು ತಾನಾಗಿ ಬಂತು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುಂಚೆ ವೈದ್ಯರನ್ನು ಕೇಳಬೇಕು.

ತಿನ್ನುವ ಸರದಿಯೂ ಮುಖ್ಯ. ತರಕಾರಿ, ಕಾಳು ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ, ಅದೇ ಊಟಕ್ಕೆ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ಮದುವೆ ಊಟದ ಎಲೆಯ ಮೇಲೆ ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ. ಅನ್ನ ಬರುವ ತನಕ ಕಾಯುತ್ತ ಕೂರದೆ ಅವುಗಳನ್ನು ಖಾಲಿ ಮಾಡಿ, ಇನ್ನೊಂದು ಸಲ ಹಾಕಿಸಿಕೊಳ್ಳಿ. ಹೆಸರುಬೇಳೆ ಕೋಸಂಬರಿಯನ್ನು ಇನ್ನೊಮ್ಮೆ ಕೇಳಿದರೆ ಯಾರೂ ನಗುವುದಿಲ್ಲ.

ನಮ್ಮ ನಿಜವಾದ ಕಷ್ಟ ಬೆಳಗಿನ ತಿಂಡಿ. ಇಡ್ಲಿ, ದೋಸೆ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಪುಳಿಯೋಗರೆ, ಅಕ್ಕಿ ರೊಟ್ಟಿ, ಶಾವಿಗೆ. ವಾರದ ಏಳು ದಿನವೂ ಹೆಸರು ಬೇರೆ, ಪದಾರ್ಥ ಪಿಷ್ಟವೇ. ಅನೇಕರಿಗೆ ದಿನದಲ್ಲಿ ಸಕ್ಕರೆ ಅತಿ ಹೆಚ್ಚು ಏರುವುದೂ ತಿಂಡಿಯ ನಂತರವೇ. ನಾಲ್ಕು ಇಡ್ಲಿಯ ಬದಲು ಎರಡು ಇಡ್ಲಿ, ತರಕಾರಿ ತುಂಬಿದ ಸಾಂಬಾರು, ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಬಟ್ಟಲು ಕಡಲೆಕಾಳಿನ ಉಸಲಿ. ಮೊಳಕೆ ಹೆಸರುಕಾಳನ್ನು ರುಬ್ಬಿ ದೋಸೆ ಹೊಯ್ಯಬಹುದು, ಮಕ್ಕಳೂ ತಿನ್ನುತ್ತಾರೆ. ಉಪ್ಪಿಟ್ಟಿಗೆ ರವೆಯಷ್ಟೇ ತರಕಾರಿ ಬೀಳಲಿ. ರಾಗಿ ಅಂಬಲಿಯ ಬಗ್ಗೆ ಒಂದು ಎಚ್ಚರ: ನುಣ್ಣಗೆ ಬೀಸಿದ ಹಿಟ್ಟು, ಚೆನ್ನಾಗಿ ಬೆಂದು ನೀರಾಗಿದೆ, ಅಗಿಯುವ ಕೆಲಸವೂ ಇಲ್ಲ. ಅದು ಬೇಗ ರಕ್ತಕ್ಕೆ ಸೇರುತ್ತದೆ. ಕುಡಿಯುವುದಾದರೆ ಸಣ್ಣ ಲೋಟದಲ್ಲಿ, ಹುಳಿ ಮಜ್ಜಿಗೆ ಬೆರೆಸಿ ಕುಡಿಯಿರಿ. ದುಬಾರಿ ಓಟ್ಸ್ ತಂದು ಮನೆಮಂದಿಗೆಲ್ಲ ಬೇಸರ ಬರಿಸುವ ಅಗತ್ಯವಂತೂ ಇಲ್ಲ.

ಬೆಲ್ಲ, ಜೇನುತುಪ್ಪ, ಕಲ್ಲುಸಕ್ಕರೆ ಎಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ, ಇದರಲ್ಲಿ ವಿನಾಯಿತಿ ಕೇಳಬೇಡಿ. ಸಕ್ಕರೆ ಇಲ್ಲದ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ. ಹಣ್ಣನ್ನು ಪೂರ್ತಿ ಬಿಡಬೇಕಿಲ್ಲ. ಸೀಬೆ, ನೇರಳೆ, ಪರಂಗಿ, ಕಿತ್ತಳೆ ಇವುಗಳಲ್ಲಿ ಒಂದನ್ನು ಒಂದು ಹೊತ್ತಿಗೆ, ಊಟದ ಹಿಂದೆಯೇ ಅಲ್ಲದೆ, ಅಗಿದು ತಿನ್ನಿ. ಜ್ಯೂಸ್ ಬೇಡ. ಮಾವಿನ ಕಾಲದಲ್ಲಿ ಎರಡು ಹೋಳು ತಿನ್ನಬಹುದು, ಆ ದಿನ ಅನ್ನ ಅಷ್ಟು ಕಡಿಮೆ. ಹಾಗಲಕಾಯಿ ಪಲ್ಯವಾಗಿ ಉತ್ತಮ, ನೆನೆಸಿದ ಮೆಂತ್ಯಕಾಳಿನಲ್ಲಿ ಒಳ್ಳೆಯ ನಾರಿದೆ. ಆದರೆ ಅವುಗಳನ್ನು ನಂಬಿ ಮಾತ್ರೆ ನಿಲ್ಲಿಸಿದವರ ಕಣ್ಣು, ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುತ್ತಿರುತ್ತವೆ.

ಹಬ್ಬಕ್ಕಿಂತ ಉಪವಾಸ ಹೆಚ್ಚು ತೊಂದರೆ ಕೊಡುತ್ತದೆ ಎಂದರೆ ಕೆಲವರಿಗೆ ಅಚ್ಚರಿಯಾಗಬಹುದು. ಯುಗಾದಿಯ ದಿನ ಒಂದು ಹೋಳಿಗೆ ತಿಂದು, ಅನ್ನ ಬಿಟ್ಟು, ಸಂಜೆ ನಡೆದರೆ ಸಂಭಾಳಿಸಬಹುದು. ಏಕಾದಶಿಯಂದು ಇಡೀ ದಿನ ಖಾಲಿ ಹೊಟ್ಟೆಯಲ್ಲಿದ್ದು, ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿ, ರಾತ್ರಿ ಸಬ್ಬಕ್ಕಿ ಉಪ್ಪಿಟ್ಟೋ ಅವಲಕ್ಕಿಯೋ ಹೊಟ್ಟೆ ತುಂಬ ತಿಂದರೆ ಸಕ್ಕರೆ ಮಧ್ಯಾಹ್ನ ಪಾತಾಳಕ್ಕೆ, ರಾತ್ರಿ ಆಕಾಶಕ್ಕೆ. ರಂಜಾನ್ ಉಪವಾಸಕ್ಕೂ ಇದೇ ಮಾತು. ಉಪವಾಸ ಮಾಡಲೇಬೇಕೆನ್ನುವವರು ಮುಂಚೆಯೇ ವೈದ್ಯರ ಹತ್ತಿರ ಹೋಗಿ ಮಾತ್ರೆಯ ಹೊತ್ತನ್ನೂ ಪ್ರಮಾಣವನ್ನೂ ಬದಲಿಸಿಕೊಳ್ಳಬೇಕು.

ಸಕ್ಕರೆ ತೀರಾ ಇಳಿಯುವುದು ಏರುವುದಕ್ಕಿಂತ ತುರ್ತಿನ ಅಪಾಯ, ಮನೆಯವರೆಲ್ಲ ಇದನ್ನು ತಿಳಿದಿರಬೇಕು. ಕೈ ನಡುಕ, ತಣ್ಣನೆ ಬೆವರು, ಎದೆ ಬಡಿತ, ಮಂಕು, ಕಾರಣವಿಲ್ಲದ ಸಿಟ್ಟು. ರಕ್ತದಲ್ಲಿ 70ಕ್ಕಿಂತ ಕೆಳಗೆ ಬಂದಾಗ ಹೀಗಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಿಗೆ ಇದರ ಸಾಧ್ಯತೆ ಹೆಚ್ಚು, ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಅಪರೂಪ. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮದ್ಯ ಕುಡಿದು ಊಟ ಮಾಡದೆ ಮಲಗಿದವರಿಗೆ ಇದು ನಿದ್ದೆಯಲ್ಲೇ ಬರಬಹುದು.

ಇನ್ನು ನಡಿಗೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ಹಂಗಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಹಾಗಾಗಿ ಬೆಳಗಿನ ಜಾವದ ಒಂದು ದೊಡ್ಡ ವಾಕಿಂಗಿನಷ್ಟೇ ಬೆಲೆ ಊಟದ ನಂತರದ ಹತ್ತು ಹದಿನೈದು ನಿಮಿಷದ ಓಡಾಟಕ್ಕೂ ಇದೆ. ರಾತ್ರಿ ಊಟ ಮಾಡಿ ಧಾರಾವಾಹಿ ಮುಂದೆ ಕೂರುವ ಬದಲು ಬೀದಿಯಲ್ಲಿ ನಾಲ್ಕು ಸುತ್ತು ಹಾಕಿ. ಒಟ್ಟಾರೆ ವಾರಕ್ಕೆ 150 ನಿಮಿಷ ಆಗಬೇಕು. ಅದರ ಜೊತೆಗೆ ಎರಡು ಮೂರು ದಿನ ಸ್ನಾಯುವಿಗೆ ಭಾರ ಬೀಳುವ ಕೆಲಸ: ಕುರ್ಚಿಯಿಂದ ಕೈಯೂರದೆ ಏಳುವುದು ಕೂರುವುದು, ನೀರು ತುಂಬಿದ ಬಾಟಲಿ ಎತ್ತುವುದು. ಮನೆಕೆಲಸವೇ ಸಾಕಷ್ಟಾಯಿತು ಎನ್ನುವ ಹೆಂಗಸರ ಮಾತಿನಲ್ಲಿ ದಣಿವು ನಿಜ, ಆದರೆ ಒಂದೇ ಕಡೆ ನಿಂತು ಒಗ್ಗರಣೆ ಹಾಕುವುದು ನಡಿಗೆಯಲ್ಲ. ಅವರಿಗೆ ನಡೆಯಲು ಅರ್ಧ ಗಂಟೆ ಬಿಡುವು ಮಾಡಿಕೊಡುವುದು ಉಳಿದವರ ಕೆಲಸ.

ಇದೆಲ್ಲ ನಿಜಕ್ಕೂ ಫಲ ಕೊಡುತ್ತದೆಯೇ? ಚೆನ್ನೈನ ವೈದ್ಯ ಎ. ರಾಮಚಂದ್ರನ್ ಅವರ ತಂಡ 531 ಜನ ಅಂಚಿನ ಸ್ಥಿತಿಯವರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಮಧುಮೇಹ ಬರುವುದು ಶೇ. 28.5ರಷ್ಟು ಕಡಿಮೆಯಾಗಿತ್ತು, ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಶೇ. 26.4ರಷ್ಟು. ಬಂದ ಮೇಲೂ ದಾರಿ ಮುಚ್ಚಿಲ್ಲ. ಬ್ರಿಟನ್ನಿನಲ್ಲಿ ಕಾಯಿಲೆ ಬಂದು ಆರು ವರ್ಷದೊಳಗಿನ, ತೂಕ ಹೆಚ್ಚಿದ್ದವರಿಗೆ ವೈದ್ಯರ ಕಣ್ಗಾವಲಿನಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದಾಗ, ವರ್ಷದ ಕೊನೆಗೆ ಶೇ. 46 ಜನ ಮಾತ್ರೆಯಿಲ್ಲದೆ ಮಧುಮೇಹದ ಮಟ್ಟದಿಂದ ಕೆಳಗಿದ್ದರು. ಡೈರೆಕ್ಟ್ ಎಂಬ ಈ ಅಧ್ಯಯನ 2017ರದು. ಇದನ್ನು ಓದಿ ಮನೆಯಲ್ಲೇ ಪ್ರಯೋಗಕ್ಕಿಳಿಯಬೇಡಿ. ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ ಎಂಬುದನ್ನೂ ನೆನಪಿಡಿ.

ಯಾವ ಊಟ ನಿಮಗೆ ಒಗ್ಗುತ್ತದೆ ಎಂದು ಹೇಳಬಲ್ಲ ಗುರು ಮನೆಯ ಗ್ಲೂಕೋಮೀಟರ್. ಸೋಪಿನಿಂದ ಕೈ ತೊಳೆದು ಒರೆಸಿಕೊಂಡು ಚುಚ್ಚಿ. ಹಣ್ಣು ಸುಲಿದ ಬೆರಳಲ್ಲಿ ಸುಳ್ಳು ಅಂಕಿ ಬರುತ್ತದೆ. ತಿಂಡಿಗೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ. ಒಂದು ದಿನ ನಾಲ್ಕು ಇಡ್ಲಿ, ಇನ್ನೊಂದು ದಿನ ಎರಡು ಇಡ್ಲಿ ಮತ್ತು ಉಸಲಿ ತಿಂದು ನೋಡಿ ಬರೆದಿಡಿ. ಹೆಚ್ಚಿನ ವಯಸ್ಕರಿಗೆ ಬೆಳಿಗ್ಗೆ 80ರಿಂದ 130, ಊಟದ ನಂತರ 180ರೊಳಗೆ, ಎಚ್‌ಬಿಎ1ಸಿ 7ರೊಳಗೆ ಗುರಿ. ವಯಸ್ಸಾದವರಿಗೆ ವೈದ್ಯರು ಸ್ವಲ್ಪ ಸಡಿಲ ಬಿಡುತ್ತಾರೆ. ಇಷ್ಟೆಲ್ಲ ಮಾಡಿಯೂ ಮಾತ್ರೆಯೋ ಇನ್ಸುಲಿನ್ನೋ ಬೇಕಾದರೆ ಅದು ನಿಮ್ಮ ಸೋಲಲ್ಲ. ವರ್ಷಗಳು ಕಳೆದಂತೆ ಗ್ರಂಥಿಯ ಶಕ್ತಿ ಇಳಿಯುವುದು ಈ ಕಾಯಿಲೆಯ ಸ್ವಭಾವ.

ಕಾಲಿನ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಈ ಕಾಯಿಲೆಯಿಂದ ಸ್ಪರ್ಶ ಮಂದವಾದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ, ಬೆಳಿಗ್ಗೆಯೇ ಹೋಗಿಬನ್ನಿ. ಬೀಡಿ, ಸಿಗರೇಟು, ಗುಟ್ಕಾ ಬಿಡಲೇಬೇಕು, ಮಧುಮೇಹದ ಜೊತೆ ಅವು ಸೇರಿದರೆ ಕಾಲಿನ ಮತ್ತು ಹೃದಯದ ರಕ್ತನಾಳಗಳು ಬೇಗ ಮುಚ್ಚಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ, ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಕೊಲೆಸ್ಟರಾಲ್, ಪಾದದ ಸ್ಪರ್ಶ ಇವಿಷ್ಟನ್ನು ಪರೀಕ್ಷೆ ಮಾಡಿಸಿ. ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂಬುದು ಪರೀಕ್ಷೆ ಬಿಡಲು ಕಾರಣವಾಗದು, ಹಿಂಪರದೆಯ ತೊಂದರೆ ಮೊದಲ ವರ್ಷಗಳಲ್ಲಿ ನೋಟವನ್ನು ಕೆಡಿಸುವುದೇ ಇಲ್ಲ.

ಕೊನೆಯದಾಗಿ ಒಂದು ಕೋರಿಕೆ. ಈ ಕಾಯಿಲೆ ರಕ್ತಸಂಬಂಧದಲ್ಲಿ ಹರಿಯುತ್ತದೆ. ನಿಮಗೆ ಪತ್ತೆಯಾಗಿದ್ದರೆ ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರಿಗೆ, ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದ ಮಗಳು ಸೊಸೆಯರಿಗೆ, ಮೂವತ್ತು ದಾಟಿದ ಮಕ್ಕಳಿಗೆ ಹೇಳಿ ಈ ತಿಂಗಳೇ ಪರೀಕ್ಷೆ ಮಾಡಿಸಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರಿಗೆ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಉಚಿತ.